ಚರಗದ ಹಿಂದೆ ನಡೆದ ಸ್ಟೂಲು

ಮೊನ್ನೆ ಸಂಜೆ ನನ್ನ ಸೊಸೆ ಹಂಚಿನ ಮೇಲೆ ಎಕ್ಕೆಯ ಎಲೆ ಬಿಸಿ ಮಾಡುತ್ತಿದ್ದಳು. ಎಲೆಗೆ ಔಡಲ ಎಣ್ಣೆ ಸವರಿ, ಅದರ ಅಂಚು ಸ್ವಲ್ಪ ಮುದುಡುವವರೆಗೆ ಕಾಯಿಸಿ, ನನ್ನ ಬಲ ಮೊಣಕಾಲಿಗೆ ಇಟ್ಟು ಹಳೆಯ ಮಲ್ಲಿನ ಪಟ್ಟಿಯಿಂದ ಕಟ್ಟುತ್ತಾಳೆ. ಹಸಿ ಎಲೆ ಬಾಡುವ ಕಹಿ, ಎಣ್ಣೆಯ ಜಿಡ್ಡು, ಎರಡೂ ಕೂಡಿದ ಆ ವಾಸನೆ ಬಂದದ್ದೇ ತಡ, ನಾನು ನನ್ನ ಮೊಣಕಾಲನ್ನು ಮರೆತೆ. ಸೊಲ್ಲಾಪುರದ ನಮ್ಮ ಹಳೆಯ ವಾಡೆಯ ಪಡಸಾಲೆ, ಅಲ್ಲಿಯ ತೊಲೆಗಂಬ, ಕಂಬಕ್ಕೆ ಕೈಕೊಟ್ಟು ‘ಶಿವಾ’ ಎಂದು ಮೇಲೇಳುವ ನಮ್ಮ ಅತ್ತೆ ಗುರುಬಸವ್ವ ಕಣ್ಣಮುಂದೆ ಬಂದರು. ಆ ಕಂಬದ ಮೇಲೆ ಅವರ ಕೈ ತಾಗುವ ಎತ್ತರದಲ್ಲಿ ಮರ ನುಣುಪಾಗಿ ಹೊಳೆಯುತ್ತಿತ್ತು. ಉಳಿದದ್ದೆಲ್ಲ ಮಾಸಿದ ಕಂದು ಬಣ್ಣ.

ಐವತ್ತರ ದಶಕದ ನಡುವಿನ ಮಾತು. ನಾನು ಬೆಳಗಾವಿಯಲ್ಲಿ ಕಾನ್ವೆಂಟಿನಲ್ಲಿ ಓದಿ, ಸೊಲ್ಲಾಪುರದ ಕಾಳಿನ ಅಡತಿ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಮಾವನವರು ಮಿತಭಾಷಿ. ನಮ್ಮವರು ಅವರಿಗೆ ಒಬ್ಬನೇ ಮಗ. ಮನೆಯೊಳಗಿನದೆಲ್ಲ ಅತ್ತೆಯವರ ಕೈಯಲ್ಲಿ. ಶಾಲೆಯಲ್ಲಿ ಬೆಂಚು, ಮೇಜು ನೋಡಿ ಬಂದ ನನಗೆ ಮೊದಲು ಕಣ್ಣಿಗೆ ಬಿದ್ದದ್ದು, ಈ ಮನೆಯ ಬದುಕೆಲ್ಲ ನೆಲದ ಮೇಲೆ ನಡೆಯುತ್ತದೆ ಎಂಬುದು. ಒಲೆ ನೆಲದ ಮೇಲೆ. ರೊಟ್ಟಿ ಬಡಿಯುವುದು ನೆಲದ ಮೇಲೆ. ಬೀಸುಕಲ್ಲು, ಒರಳು, ಊಟದ ಮಣೆ, ಸ್ನಾನದ ಕಲ್ಲು, ಪೂಜೆಯ ಚಾಪೆ ಎಲ್ಲ ಕೆಳಗೇ. ಕೋಣೆ ಕೋಣೆಗೂ ಗೇಣೆತ್ತರದ ಹೊಸ್ತಿಲು. ಮೇಲುಮಹಡಿಗೆ ಏಣಿಯಂಥ ಕಡಿದಾದ ಮೆಟ್ಟಿಲು. ಮೊಣಕಾಲು ಗಟ್ಟಿಯಿದ್ದವರಿಗಾಗಿ ಕಟ್ಟಿದ ಮನೆ ಅದು. ಅತ್ತೆಯವರ ಮೊಣಕಾಲುಗಳು ಆ ಮನೆಯನ್ನು ಅಷ್ಟು ವರ್ಷ ಹೊತ್ತು, ಈಗ ಸವೆದಿದ್ದವು.

ಆ ವರ್ಷ ಶ್ರಾವಣದಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ನಮ್ಮ ಕಡೆ ಅಂಥ ಮಳೆ ಅಪರೂಪ. ಅಂಗಡಿಯಿಂದ ಬಂದ ಮಾವನವರು ಜೋಳ ಚೆನ್ನಾಗಿ ಬರುತ್ತದೆಂದು ಸಂತೋಷಪಡುತ್ತಿದ್ದರೆ, ಅತ್ತೆಯವರು ಎರಡೂ ಮೊಣಕಾಲುಗಳ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದರು. ಬಲಗಾಲಿನ ನೋವು ಮೊಣಕಾಲಿನಲ್ಲಿ ನಿಲ್ಲದೆ ಮೇಲೆ ಹತ್ತಿ ತೊಡೆಯ ಸಂದಿಗೆ, ಸೊಂಟದ ಕೀಲಿಗೆ ಬಂದಿತ್ತು. ನಡೆಯುವಾಗ ಬಲಕ್ಕೆ ವಾಲುತ್ತಿದ್ದರು. ಸೀರೆಯ ನೆರಿಗೆ ಒಂದು ಬದಿಗೆ ನೆಲ ಸವರಿ ಸವರಿ ಅಂಚು ಅಲ್ಲಿ ಮಾತ್ರ ಹರಿದಿತ್ತು. ನಾನು ಆ ಅಂಚನ್ನು ಹೊಲಿಯುವಾಗಲೇ ಅವರ ನೋವು ಎಷ್ಟೆಂದು ಅಂದಾಜು ಮಾಡಿದ್ದು. ಬಾಯಿಬಿಟ್ಟು ಅವರು ಹೇಳಿದವರಲ್ಲ.

ಆಗ ಊರೆಲ್ಲ ಒಂದೇ ಮಾತು: ಸೊಲ್ಲಾಪುರ, ಅಕ್ಕಲಕೋಟೆ ಯಾವ ರಾಜ್ಯಕ್ಕೆ ಸೇರುತ್ತವೆ, ಕನ್ನಡಕ್ಕೋ ಮರಾಠಿಗೋ. ನಮ್ಮ ಪಡಸಾಲೆಯಲ್ಲೂ ವ್ಯಾಪಾರಿಗಳು ಕೂತು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ವಾದಿಸುತ್ತಿದ್ದರು. ಒಂದು ದಿನ ಅತ್ತೆಯವರು ಒಳಗಿನಿಂದಲೇ ಹೇಳಿದರು: “ಸೊಲ್ಲಾಪುರ ಯಾ ಕಡಿಗರ ಹೋಗ್ಲಿ. ನಾ ಹಿತ್ತಲ ಕಡಿಗಿ ಹೋಗಿ ಬಂದ್ರ ಸಾಕಾಗೇತಿ.”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹಿತ್ತಲಿಗೆ ಹೋದವರು ಕುಕ್ಕರಗಾಲಿನಿಂದ ಏಳಲಾಗದೆ ಗೋಡೆಯ ಗೂಟ ಹಿಡಿದು ಎಷ್ಟು ಹೊತ್ತು ಹೆಣಗುತ್ತಾರೆಂದು ಬಾಗಿಲ ಈಚೆ ನೀರಿನ ತಂಬಿಗೆ ಹಿಡಿದು ನಿಂತ ನನಗೆ ಗೊತ್ತಿತ್ತು.

ನಮ್ಮ ಜಮೀನು ಇದ್ದದ್ದು ಅಕ್ಕಲಕೋಟೆಯ ಆಚೆ, ಕುರನೂರಿನ ದಾರಿಯಲ್ಲಿ. ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಅಲ್ಲಿಗೆ ಹೋಗಿ, ತೆನೆ ಹೊತ್ತು ನಿಂತ ಜೋಳದ ನಡುವೆ ಭೂಮಿಗೆ ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲಬೇಕು. ಚರಗವೆಂದರೆ ಆ ದಿನದ ಅಡಿಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಬುಟ್ಟಿಗೆ ತುಂಬಿದ್ದು, ಭೂಮಿತಾಯಿಗೆ ಸಲ್ಲುವ ಮೊದಲ ತುತ್ತು. ನಮ್ಮ ಮನೆತನದ ಪದ್ಧತಿ ಹೀಗಿತ್ತು: ಬುಟ್ಟಿಯನ್ನು ಮನೆಯ ಹಿರಿಯ ಮುತ್ತೈದೆ ತಲೆಯ ಮೇಲೆ ಹೊತ್ತು ಬದುವಿನ ಮೇಲೆ ನಡೆಯಬೇಕು, ಅವಳ ಬದಿಗೆ ಯಜಮಾನ ಬುಟ್ಟಿಯಿಂದ ಹಿಡಿ ಹಿಡಿ ತೆಗೆದು ಚೆಲ್ಲುತ್ತ ಹೋಗಬೇಕು. ಒಂದು ಸುತ್ತು ಮುಗಿಯುವವರೆಗೆ ಬುಟ್ಟಿ ನೆಲಕ್ಕೆ ತಾಗಕೂಡದು. ಹೊರಲಾಗದವಳು ಬುಟ್ಟಿಯನ್ನು ಸೊಸೆಯ ತಲೆಗೆ ದಾಟಿಸುತ್ತಾಳೆ. ಅದಕ್ಕೆ ‘ಬುಟ್ಟಿ ಇಳಿಸೂದು’ ಎನ್ನುತ್ತಿದ್ದರು. ಒಮ್ಮೆ ಇಳಿಸಿದ ಬುಟ್ಟಿಯನ್ನು ಮತ್ತೆ ಏರಿಸಿಕೊಂಡವರಿಲ್ಲ. ಬುಟ್ಟಿಯ ಜೊತೆಗೆ ಒಲೆಯ ಮುಂದಿನ ಜಾಗ, ಉಗ್ರಾಣದ ಕೀಲಿಕೈ, ಮನೆಯ ಮಾತು ಎಲ್ಲ ಇಳಿದುಹೋಗುತ್ತಿತ್ತು. ಇಳಿಸಿದವಳಿಗೆ ಉಳಿಯುವುದು ಒಂದು ಮೂಲೆ, ಒಂದು ಕೌದಿ.

ಮಾವನವರ ಅಕ್ಕ ನೀಲವ್ವ ಅಕ್ಕಲಕೋಟೆಯಲ್ಲೇ ಇದ್ದರು. ಚಿಕ್ಕವರು ದೊಡ್ಡವರು ಎಲ್ಲ ಅವರನ್ನು ನೀಲಕ್ಕ ಎನ್ನುತ್ತಿದ್ದೆವು. ಅವರ ಹೊಲ ನಮ್ಮ ಹೊಲದ ಪಕ್ಕ, ನಡುವೆ ಒಂದು ಹಳ್ಳ ಮಾತ್ರ. ಮಂಡಿ ನೋವೆಂದು ಎರಡು ವರ್ಷದ ಹಿಂದೆಯೇ ಬುಟ್ಟಿ ಇಳಿಸಿದವರು ಅವರು. ಕಾಲು ಹೋದ ಮೇಲೆ ಅವರ ನಾಲಗೆಗೆ ಎರಡಾಳಿನ ಬಲ ಬಂದಿತ್ತು. ಪಂಚಮಿಗೆ ತವರಿಗೆಂದು ಸೊಲ್ಲಾಪುರಕ್ಕೆ ಬಂದವರು ಅತ್ತೆಯವರು ಪೂಜೆಯಿಂದ ಏಳುವುದನ್ನು ನೋಡುತ್ತ ಕೂತರು. ಮೊದಲು ಎಡಗೈ ನೆಲಕ್ಕೆ, ಮಂಡಿಯೂರಿ, ಬಲಗೈ ಕಂಬಕ್ಕೆ, ಆಮೇಲೆ ‘ಶಿವಾ’.

“ಗುರವ್ವ, ಈ ಎಳ್ಳಮಾಸಿಗಿ ಬುಟ್ಟಿ ಇಳಿಸಿಬಿಡು,” ಎಂದರು ನೀಲಕ್ಕ. “ಸೊಸಿ ಬಂದಾಳ, ಸಾಲಿ ಕಲ್ತಾಕಿ ಇದ್ದಾಳ. ನಾ ಇಳಿಸಿಲ್ಲೇನು? ಆರಾಮ ಕುಂತೀನಿ.”

ಅತ್ತೆಯವರು ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡರು. “ನೋಡೂಣು ನೀಲಕ್ಕ,” ಎಂದಷ್ಟೇ ಹೇಳಿದರು. ಆದರೆ ಅಂದು ಮಧ್ಯಾಹ್ನ ನಾನು ಎಕ್ಕೆಯ ಎಲೆ ಕಟ್ಟುವಾಗ, ನನ್ನ ಕಡೆ ನೋಡದೆ, ಮಳೆಯ ಕಡೆ ನೋಡುತ್ತ ಹೇಳಿದರು: “ಆಕಿ ಆರಾಮ ಕುಂತಿಲ್ಲ ಶಾಂತವ್ವ. ಆಕೀನ್ನ ಕುಂಡ್ರಿಸ್ಯಾರ.”

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು.

ಮುಂದಿನ ವಾರ ನಮ್ಮವರು ಅವರನ್ನು ಟಾಂಗಾದಲ್ಲಿ ಒಬ್ಬ ದೊಡ್ಡ ಡಾಕ್ಟರರ ಹತ್ತಿರ ಕರೆದೊಯ್ದರು. ನಾನೂ ಹೋಗಿದ್ದೆ. ಡಾಕ್ಟರರು ಕಾಲು ಮಡಚಿ, ಚಾಚಿ, ತಿರುಗಿಸಿ ನೋಡಿದರು. ಅತ್ತೆಯವರು ತುಟಿ ಕಚ್ಚಿಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಆಮೇಲೆ ಡಾಕ್ಟರರು ನಮ್ಮವರೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿದರು. ಕೀಲುಗಳು ಸವೆದಿವೆ, ಸವೆದದ್ದು ಮರಳಿ ಬೆಳೆಯುವುದಿಲ್ಲ, ನೆಲದ ಮೇಲೆ ಕೂಡುವುದು, ಕುಕ್ಕರಗಾಲು, ಮೆಟ್ಟಿಲು, ಭಾರ ಎಲ್ಲ ಕಡಿಮೆ ಮಾಡಿ, ನೋವು ಹೆಚ್ಚಾದಾಗ ವಿಶ್ರಾಂತಿ ಕೊಡಿ ಎಂದರು. ನಮ್ಮವರು ತಾಯಿಯ ಕಡೆ ತಿರುಗಿ, “ಅವ್ವ, ವಿಶ್ರಾಂತಿ ತಗೋಬೇಕಂತ, ಇನ್ನ ಏನೂ ಮಾಡಬಾರದಂತ,” ಎಂದರು. ಅಷ್ಟಕ್ಕೇ ನಿಲ್ಲಿಸಿದರು.

ಡಾಕ್ಟರರು ಅಷ್ಟಕ್ಕೇ ನಿಲ್ಲಿಸಿರಲಿಲ್ಲ. ಆದರೆ ಹಾಸಿಗೆ ಹಿಡಿಸಬೇಡಿ ಎಂದಿದ್ದರು. ದಿನಾ ಸಮ ನೆಲದಲ್ಲಿ ಸ್ವಲ್ಪ ನಡೆಯಲಿ, ತೊಡೆಯ ಸ್ನಾಯು ಗಟ್ಟಿಯಾದರೆ ಕೀಲಿನ ಭಾರ ಅದು ಹೊರುತ್ತದೆ, ಎತ್ತರದ ಆಸನದ ಮೇಲೆ ಕೂತು ಕಾಲು ಮುಂದಕ್ಕೆ ನೆಟ್ಟಗೆ ನೀಟ ಮಾಡಿ ಹಿಡಿಯಲಿ, ಪಾದಕ್ಕೆ ಸಣ್ಣ ಭಾರ ಕಟ್ಟಲಿ, ಇಂಥವರು ಒಮ್ಮೆ ಮಲಗಿದರೆ ಮತ್ತೆ ಏಳುವುದು ಕಷ್ಟ ಎಂದಿದ್ದರು. ನಮ್ಮವರು ತಾಯಿಯ ಮೇಲಿನ ಪ್ರೀತಿಯಿಂದ ಆ ಅರ್ಧವನ್ನು ನುಂಗಿಕೊಂಡರು. ದುಡಿದು ಸಾಕಾಗಿದ್ದಾಳೆ, ಮಲಗಲಿ ಎಂಬ ಭಾವ. ಮನೆಗೆ ಬಂದೊಡನೆ ಪಡಸಾಲೆಯ ಪಕ್ಕದ ಕೋಣೆಯಲ್ಲಿ ದಪ್ಪ ಗಾದಿ ಹಾಕಿಸಿದರು, ಅದೂ ನೆಲದ ಮೇಲೆಯೇ. ಅತ್ತೆಯವರು ಆ ಗಾದಿಯನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ. ತಮಗಾಗಿ ತೆಗೆದಿಟ್ಟ ಮೂಲೆಯನ್ನು ಗುರುತಿಸಿದವರ ಹಾಗೆ.

ಆ ಮನೆಯಲ್ಲಿ ಗಂಡಸರ ಮುಂದೆ ನಾನು ಅಲ್ಲಿಯವರೆಗೆ ಗಟ್ಟಿಯಾಗಿ ಮಾತಾಡಿರಲಿಲ್ಲ. ಅಂದು ಊಟಕ್ಕೆ ಬಡಿಸುತ್ತ, ಸೆರಗು ಸರಿಮಾಡಿಕೊಂಡು, ಡಾಕ್ಟರರು ಹೇಳಿದ ಇನ್ನರ್ಧವನ್ನು ಒಂದೂ ಬಿಡದೆ ಹೇಳಿದೆ. ನಮ್ಮವರ ಕೈ ತಾಟಿನಲ್ಲೇ ನಿಂತಿತು. ಮಾವನವರು ಮಗನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು, ಆಮೇಲೆ ನನ್ನನ್ನು ಕೇಳಿದರು, “ಎತ್ತರದ ಆಸನ ಅಂದ್ರ ಎಷ್ಟ ಎತ್ತರ?”

ಅದಕ್ಕೆ ಉತ್ತರ ನನಗೆ ಕಾನ್ವೆಂಟಿನಲ್ಲಿ ಸಿಕ್ಕಿತ್ತು. ನಮ್ಮ ಶಾಲೆಯಲ್ಲಿ ಒಬ್ಬ ಮುದುಕಿ ಸಿಸ್ಟರ್ ಇದ್ದರು. ಉಳಿದವರೆಲ್ಲ ಪ್ರಾರ್ಥನೆಗೆ ಮಂಡಿಯೂರಿದಾಗ ಅವರೊಬ್ಬರು ಮಾತ್ರ ಹಿಂದೆ, ಗೋಡೆಗೆ ತಾಗಿ, ಎತ್ತರದ ಒಂದು ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಅಡಿಗೆಮನೆಯಲ್ಲೂ ಅದೇ ಸ್ಟೂಲು. ಕೂತೇ ಬಟಾಟೆ ಹೆಚ್ಚುವರು, ಬೇಳೆ ಆರಿಸುವರು. ಕೆಳಗಿನ ಸ್ಟೂಲಿನಿಂದ ಏಳುವಾಗ ಮೊಣಕಾಲು ಅಳುತ್ತದೆ, ಎತ್ತರದ್ದರಿಂದ ಇಳಿಯುವಾಗ ನಗುತ್ತದೆ ಎಂದು ನಮಗೆ ಮಕ್ಕಳಿಗೆ ಹೇಳಿದ್ದರು. ಕೂತಾಗ ಮೊಣಕಾಲು ಸೊಂಟಕ್ಕಿಂತ ಕೆಳಗಿರಬೇಕು, ಅಷ್ಟೇ ಗುಟ್ಟು. ಅಂಥದೊಂದು ಸ್ಟೂಲಿಗೆ ಹೇಳಿಕಳಿಸಿದರೆ ಬಡಿಗ ಮೊದಲು ಮಾಡಿಕೊಟ್ಟದ್ದು ಮಣೆಗಿಂತ ತುಸು ಎತ್ತರ, ಅಷ್ಟೆ. ಹೆಂಗಸರಿಗೆ ಇದಕ್ಕಿಂತ ಎತ್ತರ ಯಾತಕ್ಕೆ ಎಂಬುದು ಅವನ ಲೆಕ್ಕ. ಎರಡನೆಯ ಸಲ ನಾನೇ ಅತ್ತೆಯವರನ್ನು ಗೋಡೆಗೆ ನಿಲ್ಲಿಸಿ ನಮ್ಮವರ ಟೇಪಿನಿಂದ ಅಳತೆ ಹಿಡಿದು ಕಳಿಸಿದೆ. ಬೇವಿನ ಕಟ್ಟಿಗೆಯ, ಅಗಲ ಹಲಗೆಯ, ನಾಲ್ಕು ಕಾಲಿನ ಹಗುರ ಸ್ಟೂಲು ಬಂತು. ಬೇವಿನ ವಾಸನೆ ಇನ್ನೂ ಅದರ ಮೇಲಿತ್ತು.

ಅತ್ತೆಯವರು ಅದರ ಸುತ್ತ ಒಂದು ಸಲ ಬಂದರು. ಕೂಡಲಿಲ್ಲ. ಲಿಂಗಪೂಜೆ ನೆಲಕ್ಕೆ ಕೂತು ಮಾಡಿದ ಜೀವ, ಪಾದ ಕೆಳಗೆ ಇಳಿಬಿಟ್ಟು ಶಿವನನ್ನು ಹೇಗೆ ನೋಡಲಿ ಎಂದು ಅವರ ಸಂಕಟ. ಮಾವನವರು ಅಂಗಡಿಗೆ ಹೊರಟವರು ಹೊಸ್ತಿಲಲ್ಲಿ ನಿಂತರು.

“ಲಿಂಗ ಎಲ್ಲೈತಿ?” ಎಂದು ಕೇಳಿದರು.

“ಅಂಗೈಯಾಗ.”

“ಮತ್ತ ನೆಲದ ಮ್ಯಾಲ ಏನೈತಿ?” ಎಂದು ರುಮಾಲು ಸರಿಮಾಡಿಕೊಂಡು ಹೋಗಿಬಿಟ್ಟರು.

ಅತ್ತೆಯವರು ಆಮೇಲೆ ವಿಭೂತಿ ತರಿಸಿ ಸ್ಟೂಲಿನ ನಾಲ್ಕೂ ಕಾಲಿಗೆ ಹಚ್ಚಿಸಿ, ಅದರ ಮೇಲೆ ಕೂತು, ಎಡಗೈಯನ್ನು ಎದೆಯೆತ್ತರಕ್ಕೆ ಹಿಡಿದು ಪೂಜೆ ಮಾಡಿದರು. ಮುಗಿಸಿ ಎದ್ದಾಗ ಕಂಬದ ಕಡೆ ಕೈ ಹೋಯಿತು, ಅಭ್ಯಾಸಬಲ. ಆದರೆ ಕಂಬ ತಾಗುವ ಮೊದಲೇ ಅವರು ಎದ್ದು ನಿಂತಿದ್ದರು. ನಮ್ಮಿಬ್ಬರ ಕಣ್ಣೂ ಕೂಡಿದವು.

ಅಲ್ಲಿಂದ ಮನೆ ನಿಧಾನವಾಗಿ ನೆಲ ಬಿಟ್ಟು ಮೇಲೆದ್ದಿತು. ಅಡಿಗೆಮನೆಯ ಕಿಟಕಿಯ ಕೆಳಗೆ ಕೊಡ ಇಡುವ ಕಲ್ಲಿನ ಕಟ್ಟೆಯಿತ್ತು. ಕೊಡಗಳನ್ನು ಇಳಿಸಿ ಅದರ ಮೇಲೆ ಇದ್ದಲಿಯ ಶೇಗಡಿ ಒಲೆ ಇಟ್ಟೆವು, ಪಕ್ಕದಲ್ಲಿ ಹಿಟ್ಟು ನಾದುವ ಪರಾತ. ಅತ್ತೆಯವರು ಸ್ಟೂಲಿನ ಮೇಲೆ ಕೂತು ರೊಟ್ಟಿ ಬಡಿದರು. ಮೊದಲ ದಿನ ರೊಟ್ಟಿ ಒಂದೂ ದುಂಡಗಾಗಲಿಲ್ಲ. ನೆಲದ ಮೇಲೆ ಮೈಭಾರ ಕೈಗೆ ಬರುತ್ತಿತ್ತು, ಇಲ್ಲಿ ಬರಿಯ ತೋಳು. ವಾರ ಕಳೆಯುವುದರೊಳಗೆ ತೋಳಿಗೂ ಬುದ್ಧಿ ಬಂತು. ಹಿತ್ತಲಿನ ತೊಂದರೆಗೆ, ಹೇಳಲು ಸಂಕೋಚವೇ, ಅಂಗಡಿಯ ಮುರುಕು ಬೆತ್ತದ ಖುರ್ಚಿಯ ನಡುವಿನ ಹೆಣಿಗೆ ಕತ್ತರಿಸಿ ಒಂದು ಏರ್ಪಾಡು ಮಾಡಿದೆ. ಅದನ್ನು ಬಳಸಿ ಬಂದ ದಿನ ಅತ್ತೆಯವರು ನನ್ನ ಕೈಗೆ ಒಂದು ಬೆಲ್ಲದ ತುಂಡು ಕೊಟ್ಟರು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಎಂದು ಕಲಿತರು. ನೋವು ಹೋಗಲಿಲ್ಲ, ಅದು ಹೋಗುವಂಥದೂ ಅಲ್ಲ. ಮೋಡ ಕವಿದ ದಿನ ಎಕ್ಕೆಯ ಎಲೆ ಬೇಕೇ ಬೇಕು. ಆದರೆ ನೋವು ಹೇಳಿದ ಹಾಗೆ ಇವರು ಕೇಳುವುದು ತಪ್ಪಿತು.

ಪಾದಕ್ಕೆ ಭಾರ ಕಟ್ಟಲು ಮಾವನವರು ಅಂಗಡಿಯಿಂದ ಜೋಳದ ನಮೂನೆಯ ಸಣ್ಣ ಚೀಲಗಳನ್ನು ತಂದರು. ಅತ್ತೆಯವರು ಮೊದಲು ಚೀಲ ಬಿಚ್ಚಿ ಕಾಳು ಅಂಗೈಗೆ ಸುರುವಿ ನೋಡುವರು. “ಇದು ಮಾಲದಂಡಿ ಅಲ್ಲ. ಇದನ್ನ ಕಟಗೊಂಡ್ರ ನನ್ನ ಕಾಲು ಏಳೂದಿಲ್ಲ,” ಎಂದು ಬೇರೆ ಚೀಲ ಕೇಳುವರು. ಮಾವನವರು ಮುಖದ ಮೇಲೆ ನಗು ತೋರಿಸದೆ ಮರುದಿನ ಮಾಲದಂಡಿ ಜೋಳವನ್ನೇ ತರುವರು. ಬೆಳಿಗ್ಗೆ ಕಿಟಕಿಯ ಬಿಸಿಲಿನಲ್ಲಿ ಸ್ಟೂಲಿನ ಮೇಲೆ ಕೂತು, ಒಂದೊಂದೇ ಕಾಲು ನೀಟಮಾಡಿ, ಒಂದು ವಚನ ಮುಗಿಯುವವರೆಗೆ ಹಿಡಿದು, ಇಳಿಸುವರು. ದೀಪಾವಳಿಯ ಹೊತ್ತಿಗೆ ಆ ಚೀಲ ಹಗುರೆಂದು ಇನ್ನೊಂದನ್ನು ಜೊತೆಗೆ ಕಟ್ಟಿಸಿಕೊಂಡರು.

ಕೋಲು ಮಾತ್ರ ಬೇಡವೆಂದರು. ಕೋಲು ಹಿಡಿದರೆ ಊರಿಗೆ ಡಂಗುರ ಸಾರಿದ ಹಾಗೆ ಎಂದು ಹಟ. ನಮ್ಮ ಹೊಲ ಮಾಡುತ್ತಿದ್ದ ಸಿದ್ದಪ್ಪ ಹುಲಜಂತಿಯ ಕಡೆಯ ಕುರುಬ, ಬೀರಪ್ಪನ ಒಕ್ಕಲು. ಒಂದು ದಿನ ಬಂಡಿಯಲ್ಲಿ ಶೇಂಗಾ ತಂದವನು, ಮಾವನವರು ಹೇಳಿಕೊಟ್ಟಿದ್ದರೋ ಏನೋ, ದೇವರ ಭಂಡಾರದ ಅರಿಶಿನ ಬಳಿದ ಒಂದು ಬೆತ್ತ ತಂದು ಅತ್ತೆಯವರ ಮುಂದೆ ಹಿಡಿದ. “ದೇವರ ಮುಂದ ಇಟ್ಟು ತಂದೀನ್ರಿ ಅವ್ವಾರ,” ಎಂದ. ದೇವರ ಮುಂದಿನದನ್ನು ಬೇಡವೆನ್ನುವುದು ಹೇಗೆ? ಅತ್ತೆಯವರು ಹಣೆಗೆ ಮುಟ್ಟಿಸಿ ತೆಗೆದುಕೊಂಡರು. ನೋವು ಬಲಕ್ಕಾದರೆ ಕೋಲು ಎಡಗೈಯಲ್ಲಿರಬೇಕೆಂದು ಡಾಕ್ಟರರು ಹೇಳಿದ್ದರು. ಎಡಗೈಯಲ್ಲಿ ಹಿಡಿದು ಪಡಸಾಲೆಯ ಉದ್ದಕ್ಕೆ ನಡೆದಾಗ ಅವರ ವಾಲುವಿಕೆ ಅರ್ಧ ನಿಂತಿತ್ತು. ಬಲಗೈ ಖಾಲಿ ಉಳಿಯಿತು. ಆ ಖಾಲಿ ಕೈಯನ್ನು ಅವರು ತಲೆಯೆತ್ತರಕ್ಕೆ ಎತ್ತಿ, ಏನನ್ನೋ ಹಿಡಿದ ಹಾಗೆ ಬೆರಳು ಮಡಚಿ, ಮತ್ತೆ ಇಳಿಸಿದರು. ಏನನ್ನು ಹಿಡಿದು ನೋಡಿದರೆಂದು ನಾನು ಕೇಳಲಿಲ್ಲ.

ಕಾರ್ತಿಕದಲ್ಲಿ ನೀಲಕ್ಕ ಮತ್ತೆ ಬಂದರು. ಅಡಿಗೆಮನೆಯ ಬಾಗಿಲಲ್ಲಿ ನಿಂತು, ಕಟ್ಟೆಯ ಮೇಲಿನ ಶೇಗಡಿ, ಸ್ಟೂಲಿನ ಮೇಲಿನ ತಮ್ಮನ ಹೆಂಡತಿ ಎರಡನ್ನೂ ಮೇಲೆ ಕೆಳಗೆ ನೋಡಿದರು. “ಎತ್ತರದ ಮ್ಯಾಲ ಒಲಿ ಹಚ್ಚಾವರು ಖಾನಾವಳಿಯವರು. ನಮ್ಮ ಮನಿಯಾಗ ಯಾವಾಗ ಖಾನಾವಳಿ ತಗದ್ರಿ?” ಎಂದರು.

“ಕುಂಡ್ರು ನೀಲಕ್ಕ, ಬಿಸಿ ರೊಟ್ಟಿ ಹಾಕ್ತೀನಿ. ಹೊರಗಿನವರಿಗಿ ರೊಕ್ಕ, ಮನಿಯವರಿಗಿ ಪುಕ್ಕಟ,” ಎಂದರು ಅತ್ತೆಯವರು, ರೊಟ್ಟಿ ತಿರುವುತ್ತ.

ನೀಲಕ್ಕ ಉಂಡರು. ಆದರೆ ಹೊರಡುವಾಗ ಗಟ್ಟಿಯಾಗಿಯೇ ಹೇಳಿ ಹೋದರು: ಮನೆಯಲ್ಲಿ ಸ್ಟೂಲು ಆದೀತು, ಹೊಲದ ಬದುವಿನ ಮೇಲೆ ಯಾರು ಇಟ್ಟಿದ್ದಾರೆ? ಎಳ್ಳಮಾಸಿಗೆ ಬುಟ್ಟಿ ಶಾಂತಾನ ತಲೆಗೇ. ತಾನು ಹಿರಿಯಳು, ತಾನೇ ನಿಂತು ದಾಟಿಸುತ್ತೇನೆ.

ಹಬ್ಬದ ಹಿಂದಿನ ಎರಡು ದಿನ ಮನೆಯಲ್ಲಿ ಉಸಿರಾಡಲು ಬಿಡುವಿರಲಿಲ್ಲ. ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಜೋಳದ ಕಡುಬು, ಹಸಿ ಕಾಳು ಕಾಯಿಪಲ್ಲೆ ಎಲ್ಲ ಕೂಡಿಸಿ ಮಾಡುವ ಭಜ್ಜಿ, ಮಡಕೆಯಲ್ಲಿ ಅಂಬಲಿ. ಅತ್ತೆಯವರು ಸ್ಟೂಲಿನ ಮೇಲಿಂದಲೇ ಎಲ್ಲ ನಡೆಸಿದರು. ಬುಟ್ಟಿಯ ಮಾತು ಮಾತ್ರ ಯಾರೂ ಎತ್ತಲಿಲ್ಲ. ಅದು ಅಟ್ಟದಿಂದ ಇಳಿದು, ತೊಳೆದು, ಸುಣ್ಣ ಕೆಮ್ಮಣ್ಣಿನ ಗೆರೆ ಬರೆಸಿಕೊಂಡು ಪಡಸಾಲೆಯಲ್ಲಿ ಒಣಗುತ್ತಿತ್ತು. ಅತ್ತೆಯವರು ಹೋಗುತ್ತ ಬರುತ್ತ ಅದರ ಕಡೆ ನೋಡುವರು.

ಹೊರಡುವ ಬೆಳಿಗ್ಗೆ ಸ್ಟೂಲನ್ನೂ ತೆಗೆದುಕೊಂಡೆ. ರೇಲ್ವೆ ಡಬ್ಬಿಯ ಮೆಟ್ಟಿಲು ಎತ್ತರ, ಅದಕ್ಕಾಗಿ ಎಂದೆ. ಅದು ಸುಳ್ಳೂ ಅಲ್ಲ. ಸೊಲ್ಲಾಪುರ ಸ್ಟೇಶನ್ನಿನಲ್ಲಿ ಸ್ಟೂಲಿನ ಮೇಲೆ ಎಡಗಾಲಿಟ್ಟು ಅತ್ತೆಯವರು ಡಬ್ಬಿ ಹತ್ತಿದಾಗ ಹಮಾಲರು ನಿಂತು ನೋಡಿದರು. ಹೋಟಗಿಯಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಅತ್ತೆಯವರು ಕಿಟಕಿಯಿಂದ ಹೊರಗೆ ನೋಡುತ್ತ, ಸೀರೆಯ ಕೆಳಗೆ ಕಾಣದ ಹಾಗೆ ಬಲಗಾಲು ನೀಟಮಾಡಿ, ಹಿಡಿದು, ಇಳಿಸುತ್ತಿದ್ದರು. ತುಟಿ ಮಾತ್ರ ವಚನಕ್ಕೆ ಅಲುಗುತ್ತಿತ್ತು. ಎದುರಿನ ಸೀಟಿನಲ್ಲಿ ಮಾವನವರು ಕಣ್ಣು ಮುಚ್ಚಿದ್ದರೂ ನಿದ್ದೆಯಲ್ಲಿರಲಿಲ್ಲ. ಅಕ್ಕಲಕೋಟೆ ರೋಡಿನಲ್ಲಿ ಇಳಿದು, ಟಾಂಗಾ, ಅಲ್ಲಿಂದ ಸಿದ್ದಪ್ಪನ ಬಂಡಿ. ಬಂಡಿಯ ಹಾದಿಯ ಎರಡೂ ಬದಿಗೆ ಜೋಳ ಆಳಿಗಿಂತ ಎತ್ತರ ನಿಂತಿತ್ತು. ತೆನೆಗೆ ಹಾಲು ತುಂಬಿ ಬಿಸಿಲು ಬಿದ್ದಲ್ಲಿ ಮುತ್ತಿನ ಹಾಗೆ ಕಾಣುತ್ತಿತ್ತು. ಚಳಿಗೆ ನಮ್ಮ ಬಾಯಿಂದ ಹೊಗೆ ಬರುತ್ತಿತ್ತು.

ನೀಲಕ್ಕ ನಮಗಿಂತ ಮೊದಲು ಬಂದು ಬನ್ನಿಗಿಡದ ಕೆಳಗೆ ಕಂಬಳಿಯ ಮೇಲೆ ಕೂತಿದ್ದರು. ಪೂಜೆಯಾಯಿತು. ಮಾವನವರು ಕರ್ಪೂರ ಬೆಳಗಿದರು. ಚರಗ ಕಲಸಿ ಬುಟ್ಟಿ ತುಂಬಿದ್ದಾಯಿತು. ಬುಟ್ಟಿಯನ್ನು ಸಿದ್ದಪ್ಪ ಎತ್ತಿ ಹಿಡಿದು ನಿಂತ, ಯಾರ ತಲೆಗೆ ಎಂದು ತಿಳಿಯದೆ ಮಾವನವರ ಕಡೆ ನೋಡಿದ. ಮಾವನವರು ಬಾಯಿ ತೆರೆಯುವ ಮೊದಲೇ ನೀಲಕ್ಕ ಹೇಳಿದರು, “ಶಾಂತಾ, ಮುಂದ ಬಾ. ಸಿಂಬಿ ಇಟಗೋ.” ಬಟ್ಟೆಯ ಸಿಂಬಿಯನ್ನು ನನ್ನ ಕಡೆ ಚಾಚಿದರು.

ಅತ್ತೆಯವರ ಎಡಗೈಯಲ್ಲಿ ಬೆತ್ತ. ಬಲಗೈ, ಪಡಸಾಲೆಯಲ್ಲಿ ಆ ದಿನ ಎತ್ತಿದ ಹಾಗೆ, ಅರ್ಧಕ್ಕೆ ಎದ್ದು ಸೆರಗಿನ ಬಳಿ ನಿಂತುಬಿಟ್ಟಿತ್ತು. ಅವರು ನನ್ನನ್ನು ಕೇಳುತ್ತಿರಲಿಲ್ಲ. ಕೇಳುವ ಜಾತಿಯವರಲ್ಲ. ನಾನು ಮುಂದೆ ಹೋದೆ, ನೀಲಕ್ಕನ ಕೈಯಿಂದ ಸಿಂಬಿ ತೆಗೆದುಕೊಂಡೆ, ಅತ್ತೆಯವರ ತಲೆಯ ಮೇಲಿಟ್ಟೆ. ಬಂಡಿಯ ಹತ್ತಿರ ಹೋಗಿ ಸ್ಟೂಲನ್ನು ಮಗುಚಿ, ನಾಲ್ಕು ಕಾಲು ಆಕಾಶಕ್ಕೆ ಮಾಡಿ, ತಲೆಯ ಸೆರಗಿನ ಮೇಲೆ ಹೊತ್ತು ಬಂದು ಅತ್ತೆಯವರ ಹಿಂದೆ ನಿಂತೆ.

“ಬುಟ್ಟಿ ಅತ್ತಿಯವರದರಿ ನೀಲಕ್ಕ,” ಎಂದೆ. “ನನ್ನ ತಲಿ ಮ್ಯಾಲ ಜಾಗಾ ಇಲ್ಲ ನೋಡ್ರಿ.”

ನೀಲಕ್ಕನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಮಾವನವರು ಸಿದ್ದಪ್ಪನ ಕೈಯಿಂದ ಬುಟ್ಟಿಯನ್ನು ತಾವೇ ತೆಗೆದುಕೊಂಡು, ಹೆಂಡತಿಯ ತಲೆಯ ಮೇಲೆ ಮೆಲ್ಲಗೆ ಇಟ್ಟರು. ಅತ್ತೆಯವರ ಬಲಗೈ ಮೇಲೆ ಹೋಗಿ ಬುಟ್ಟಿಯ ಅಂಚು ಹಿಡಿಯಿತು.

“ಹುಲಿಗ್ಯೋ, ಹುಲಿಗ್ಯೋ,” ಎಂದು ಮಾವನವರು ಚರಗದ ಕೂಗು ಹಾಕಿ ಮೊದಲ ಹಿಡಿ ಚೆಲ್ಲಿದರು. ಅಷ್ಟು ಕಡಿಮೆ ಮಾತಿನವರ ಎದೆಯೊಳಗೆ ಅಷ್ಟು ದೊಡ್ಡ ದನಿ ಇತ್ತೆಂದು ನನಗೆ ಗೊತ್ತಿರಲಿಲ್ಲ.

ಬದು ಎತ್ತರವಿತ್ತು, ಅಗಲವಿರಲಿಲ್ಲ. ಎರಡೂ ಬದಿಗೆ ಜೋಳದ ಎಲೆ ತೋಳಿಗೆ ತರಚುತ್ತಿತ್ತು. ಮುಂದೆ ಬೆತ್ತದ ಟಕ್ ಟಕ್, ಅದರ ಹಿಂದೆ ಬಲಗಾಲಿನ ಸಣ್ಣ ಎಳೆತ, ಆ ಸದ್ದಿನ ಮೇಲೆ ಕಿವಿಯಿಟ್ಟು ನಾನು ನಡೆದೆ. ಮೊದಲ ಮೂಲೆಯಲ್ಲಿ ಸ್ಟೂಲು ಇಟ್ಟೆ. ಅತ್ತೆಯವರು ಕೂತು ಬುಟ್ಟಿಯನ್ನು ತೊಡೆಯ ಮೇಲೆ ಇರಿಸಿಕೊಂಡರು. ಅದು ನೆಲಕ್ಕೆ ತಾಗಲಿಲ್ಲ. ಪದ್ಧತಿ ಕೇಳಿದ್ದು ಅಷ್ಟೇ ತಾನೇ? ನಿಲ್ಲಬಾರದೆಂದು ಯಾರೂ ಎಂದೂ ಹೇಳಿರಲಿಲ್ಲ. ನಿಲ್ಲುವವರು ಇರಲಿಲ್ಲ, ಅಷ್ಟೆ. ಎರಡನೆಯ ಮೂಲೆಗೂ ಹಾಗೆಯೇ. ಅಕ್ಕಪಕ್ಕದ ಹೊಲದವರಿಗೆ ನಮ್ಮ ಮುಖ ಕಾಣುತ್ತಿರಲಿಲ್ಲ. ತೆನೆಗಳ ಮೇಲೆ ಒಂದು ಬುಟ್ಟಿ, ಅದರ ಹಿಂದೆ ಕಾಲು ಮೇಲೆ ಮಾಡಿದ ಒಂದು ಸ್ಟೂಲು ತೇಲಿಕೊಂಡು ಹೋಗುವುದಷ್ಟೇ ಕಾಣುತ್ತಿತ್ತು. ಯಾರೋ ನಗುತ್ತ, ಗುರವ್ವನ ಸಿಂಹಾಸನ ಹೊಂಟೈತಿ ನೋಡ್ರಿ ಎಂದು ಕೂಗಿದರು. ಅತ್ತೆಯವರ ಹೆಜ್ಜೆ ತಪ್ಪಲಿಲ್ಲ.

ಮೂರನೆಯ ಮೂಲೆಗೆ ಮೊದಲು ನೆಲ ತಗ್ಗು, ಹೆಂಟೆ ಬಹಳ. ಅಲ್ಲಿ ಎಳೆತದ ಸದ್ದು ಹೆಚ್ಚಾಯಿತು. ಸ್ಟೂಲಿನ ಮೇಲೆ ಕೂತಾಗ ಅತ್ತೆಯವರ ಮುಖ ಬಿಳಿಚಿತ್ತು, ಮೇಲ್ದುಟಿಯ ಮೇಲೆ ಬೆವರು. ಸೊಂಟದ ಕೀಲು ಹಿಡಿದುಬಿಟ್ಟಿತ್ತು. ಆಚೆ ಬನ್ನಿಗಿಡದ ಕೆಳಗಿನಿಂದ ನೀಲಕ್ಕನ ದನಿ ಬಂತು, ಸಾಕು ಇಳಿಸೆಂದು. ಮಾವನವರು ಚರಗದ ಕೈ ತಡೆದು ಕೇಳಿದರು, “ಇಳಿಸ್ತೀಯೇನು?”

ಅತ್ತೆಯವರು ತಲೆಯಲ್ಲಾಡಿಸಿದರು. ಬುಟ್ಟಿಯನ್ನು ತೊಡೆಯ ಮೇಲೆ ಎರಡೂ ಕೈಯಿಂದ ತಬ್ಬಿಕೊಂಡು, ಮನೆಯ ಕಿಟಕಿಯ ಬಿಸಿಲಿನಲ್ಲಿ ಮಾಡುತ್ತಿದ್ದ ಹಾಗೆಯೇ, ಬಲಗಾಲನ್ನು ಮುಂದಕ್ಕೆ ನೀಟಮಾಡಿ ಹಿಡಿದರು. ತುಟಿ ಅಲುಗಿತು. ಇಳಿಸಿದರು. ಮತ್ತೆ ನೀಟ, ಮತ್ತೆ ವಚನ. ಅವಸರವೇ ಇಲ್ಲ. ಒಂದು ಬೆಳವನ ಹಕ್ಕಿ ಬದುವಿಗೆ ಬಂದು ಚೆಲ್ಲಿದ ಚರಗ ಹೆಕ್ಕಿ ತಿನ್ನಲು ಶುರುಮಾಡಿತು. ಅಷ್ಟು ಹೊತ್ತು ನಾವು ಅಲ್ಲಿದ್ದೆವು. ಆಮೇಲೆ ಅವರು ಬುಟ್ಟಿಯನ್ನು ಮಾವನವರ ಕೈಗೆ ಕೊಟ್ಟು ಬೆತ್ತ ಊರಿದರು, ಎದ್ದರು. ‘ಶಿವಾ’ ಎನ್ನಲಿಲ್ಲ.

“ಬುಟ್ಟಿ ಏರಸ್ರಿ,” ಎಂದರು.

ಬನ್ನಿಗಿಡದ ಕೆಳಗೆ ಸುತ್ತು ಮುಗಿದಾಗ ಬುಟ್ಟಿಯಲ್ಲಿ ತಳದ ಬಾಳೆಎಲೆ ಬಿಟ್ಟು ಏನೂ ಉಳಿದಿರಲಿಲ್ಲ. ಖಾಲಿ ಬುಟ್ಟಿಯನ್ನು ಅತ್ತೆಯವರು ತಮ್ಮ ಕೈಯಿಂದಲೇ ನೆಲಕ್ಕಿಟ್ಟರು. ಮಾವನವರು ಉಳಿದ ಅಂಬಲಿಯನ್ನು ಮೊದಲು ಹೆಂಡತಿಗೆ ಕೊಟ್ಟರು, ಎಲ್ಲರೂ ನೋಡುತ್ತಿದ್ದಾಗಲೇ. ಹಾಗೆ ಮಾಡಿದವರೇ ಅಲ್ಲ ಅವರು.

ಊಟಕ್ಕೆ ನಾವೆಲ್ಲ ಕಂಬಳಿಯ ಮೇಲೆ ಕೂತೆವು, ಅತ್ತೆಯವರು ಸ್ಟೂಲಿನ ಮೇಲೆ. ನೀಲಕ್ಕ ಸುಮ್ಮನೆ ಭಜ್ಜಿ ರೊಟ್ಟಿ ಉಂಡರು. ಅವರು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಊಟ ಮುಗಿಸಿ ಕೈ ತೊಳೆಯಲು ಏಳಹೋದರು. ಆಗಲಿಲ್ಲ. ಮಗ್ಗುಲಾದರು, ಅಂಗೈ ಊರಿದರು, ಮತ್ತೆ ಕೂತರು. ಇಬ್ಬರು ಹೆಂಗಸರು ಕಂಕುಳಿಗೆ ಕೈಹಾಕಿ ಎತ್ತಿದರು. ಅತ್ತೆಯವರು ಸ್ಟೂಲಿನಿಂದ ಎದ್ದು, ಬೆತ್ತದ ತುದಿಯಿಂದ ಅದನ್ನು ನೀಲಕ್ಕನ ಕಡೆ ಸರಿಸಿದರು.

“ಇದರ ಮ್ಯಾಲ ಕುಂಡ್ರು ನೀಲಕ್ಕ.”

“ನನಗ್ಯಾಕ ಅದು, ಖಾನಾವಳಿದು,” ಎಂದು ನೀಲಕ್ಕ ಗೊಣಗಿದರು. ಆದರೆ ಕೂತರು. ಕೂತು ಒಮ್ಮೆ ಎದ್ದರು, ತಾವಾಗಿಯೇ. ಮತ್ತೆ ಕೂತರು, ಮತ್ತೆ ಎದ್ದರು. ಆಮೇಲೆ ಬಂಡಿ ಹೂಡುವವರೆಗೆ ಅದರ ಮೇಲಿಂದ ಏಳಲೇ ಇಲ್ಲ.

ಮುಂದಿನ ವರ್ಷ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ನಮ್ಮ ಎರಡೂ ಊರು ಕನ್ನಡಕ್ಕೆ ಸೇರದೆ ಮುಂಬಯಿ ರಾಜ್ಯದಲ್ಲೇ ಉಳಿದಿದ್ದವು. ನನ್ನ ಮಡಿಲಲ್ಲಿ ಆರು ತಿಂಗಳ ಕೂಸಿತ್ತು. ಅದನ್ನು ನಮ್ಮವರ ಕೈಗೆ ಕೊಟ್ಟು ನಾನು ಸ್ಟೂಲು ಹೊತ್ತೆ, ಅತ್ತೆಯವರು ಬುಟ್ಟಿ ಹೊತ್ತರು. ಎರಡನೆಯ ಮೂಲೆಯಲ್ಲಿ ಅವರು ಕೂತು ದಣಿವಾರಿಸಿಕೊಳ್ಳುತ್ತಿದ್ದಾಗ ಹಳ್ಳದ ಆಚೆಯಿಂದ ‘ಹುಲಿಗ್ಯೋ’ ಎಂಬ ಕೂಗು ಬಂತು. ನೀಲಕ್ಕನ ಹೊಲ. ನಾವು ತಿರುಗಿ ನೋಡಿದೆವು. ಜೋಳದ ತೆನೆಗಳ ಮೇಲೆ ಒಂದು ಬುಟ್ಟಿ ನಿಧಾನವಾಗಿ, ಬ‌ಲಕ್ಕೂ ಎಡಕ್ಕೂ ತೂಗುತ್ತ ಬರುತ್ತಿತ್ತು. ಆ ತೂಗಾಟ ನೀಲಕ್ಕನದೇ, ಬೇರೆ ಯಾರದೂ ಅಲ್ಲ. ಇಳಿಸಿದ ಬುಟ್ಟಿಯನ್ನು ಅವರು ಮರಳಿ ಏರಿಸಿಕೊಂಡಿದ್ದರು. ಅದರ ಹಿಂದೆ, ಅವರ ಸೊಸೆಯ ತಲೆಯ ಮೇಲಿರಬೇಕು, ನಾಲ್ಕು ಕಾಲು ಬಿಸಿಲಿಗೆ ಹೊಳೆಯುತ್ತಿದ್ದವು.

ಅತ್ತೆಯವರು ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ಅವರ ಕಣ್ಣು ತುಂಬಿದ್ದನ್ನು ನಾನು ಕಂಡೆ. ಆಮೇಲೆ ಬೆತ್ತ ಊರಿ, ಎದ್ದು ನಿಂತು, ತಲೆ ಮುಂದೆ ಚಾಚಿ ಬುಟ್ಟಿ ಏರಿಸಿಕೊಂಡರು.

“ನೋಡಿದ್ಯಾ ಶಾಂತವ್ವ,” ಎಂದರು. “ನನ್ನ ಸ್ಟೂಲಿಗಿಂತ ಒಂದ ಬಟ್ಟು ಎತ್ತರ ಮಾಡಿಸ್ಯಾಳ.”